ದೊಡ್ಡಪ್ಪನ ಕೆಮ್ಮು ಮತ್ತು ದೋಸೆ ಹಿಟ್ಟಿನ ಲೆಕ್ಕ

ಯಾವ ಯಂತ್ರಕ್ಕೆ ಯಾವ ಕೆಲಸ, ಯಾವುದರ ನಂತರ ಯಾವುದು, ಯಾವ ಲಾರಿಯಲ್ಲಿ ಎಷ್ಟು ಸರಕು, ಇದನ್ನೆಲ್ಲ ಗಣಿತದಿಂದ ತೀರ್ಮಾನಿಸಿಕೊಡುವುದು ನನ್ನ ಉದ್ಯೋಗ. ಗುರುಗ್ರಾಮದ ಎತ್ತರದ ಮಹಡಿಯೊಂದರಲ್ಲಿ ಕೂತು, ಕಣ್ಣಾರೆ ನೋಡದ ಕಾರ್ಖಾನೆಗಳಿಗೆ ದಿನಚರಿ ಬರೆಯುತ್ತೇನೆ. ಉಳಿದ ಹೊತ್ತಿನಲ್ಲಿ ಬಾಸ್, ಸೆಕ್ಯುರಿಟಿ ಭಯ್ಯಾ, ಮೆಟ್ರೋದಲ್ಲಿ ನಿಲ್ದಾಣದ ಹೆಸರು ಕೂಗುವ ಹೆಂಗಸು, ಎಲ್ಲರ ದನಿಯನ್ನೂ ಅಣಕಿಸುತ್ತೇನೆ. ಎರಡನೆಯ ಕೆಲಸದಲ್ಲೇ ನನಗೆ ಹೆಚ್ಚು ಹೆಸರಿದೆ.

ಈ ಗಣಿತದ ಸುದ್ದಿಯನ್ನು ದೊಡ್ಡಪ್ಪನ ಹೋಟೆಲಿನಲ್ಲಿ ಎತ್ತಬಾರದಿತ್ತು. ದೊಡ್ಡಪ್ಪ ಕರಾವಳಿಯಿಂದ ಬಂದು ದೆಹಲಿಗೆ ದೋಸೆ ತಿನ್ನಿಸುತ್ತಿರುವವರು. ಕಿದ್ವಾಯಿ ನಗರದ ಹತ್ತಿರ ಅವರ ದೊಡ್ಡ ಹೋಟೆಲು, ಅದರ ಹಿಂದೆ ಹಿಟ್ಟು ರುಬ್ಬುವ ಕೋಣೆ. ಅಲ್ಲಿಂದ ಬೆಳಿಗ್ಗೆ ಟೆಂಪೋದಲ್ಲಿ ಹಿಟ್ಟಿನ ಡಬ್ಬಗಳು ಓಲ್ಡ್ ರಾಜಿಂದರ್ ನಗರಕ್ಕೆ ಹೋಗುತ್ತವೆ. ಅಲ್ಲಿಯ ಹೋಟೆಲನ್ನು ನಡೆಸುವವಳು ದೊಡ್ಡಪ್ಪನ ಮಗಳು, ನನ್ನ ಅಕ್ಕ. ಗೋಡೆಯ ಬಣ್ಣದಿಂದ ಚಟ್ನಿಯ ಖಾರದವರೆಗೆ ಅಲ್ಲಿ ಎಲ್ಲವೂ ಅವಳದೇ.

ಅವಳ ಗಿರಾಕಿಗಳೆಲ್ಲ ಅಲ್ಲಿಯ ಕೋಚಿಂಗ್ ಕ್ಲಾಸುಗಳ ಐಎಎಸ್ ಕನಸಿನವರು. ಕ್ಲಾಸಿನ ವಾರವಾರದ ಪರೀಕ್ಷೆಯ ಮುನ್ನಾದಿನ ಹೊಟ್ಟೆ ಕೆಟ್ಟೀತೆಂದು ಒಬ್ಬನೂ ಬರುವುದಿಲ್ಲ. ಪರೀಕ್ಷೆ ಮುಗಿದ ಮರುದಿನ ಕಾವಲಿ ಆರುವುದಿಲ್ಲ. ಹಾಗಾಗಿ ಅಲ್ಲಿ ಹಿಟ್ಟು ಒಂದೋ ಬೆಳಿಗ್ಗೆಯೇ ಖಾಲಿ, ಇಲ್ಲವೇ ದೆಹಲಿಯ ಬಿಸಿಲಿಗೆ ಹುಳಿ ಬಂದು ವಾಪಸ್ಸು.

"ಈ ತಿಂಗಳೂ ಹುಳಿ ಹಿಟ್ಟು ತಿರುಗಿ ಬಂದ್ರೆ ಆ ಅಂಗಡಿ ಬಾಗಿಲು ಹಾಕುದೇ," ಎಂದು ದೊಡ್ಡಪ್ಪ, ನಾವಿಬ್ಬರೂ ಅವರ ಹೋಟೆಲಿನಲ್ಲಿ ದೋಸೆಗೆ ಕೂತಿದ್ದಾಗ, ಅಕ್ಕನಿಗೆ ಹೇಳಿದರು. "ನೀನು ಇಲ್ಲಿ ಬಂದು ನನ್ನ ಪಕ್ಕ ಕ್ಯಾಶಲ್ಲಿ ಕೂತ್ಕೋ."

"ನಿಮ್ಮ ಪಕ್ಕ ಕೂರೋದಾ? ಅದಕ್ಕಿಂತ ನಾನೂ ಐಎಎಸ್ ಬರೀತೀನಿ ಪಪ್ಪಾ," ಎಂದು ಅಕ್ಕ ನಕ್ಕಳು. ಆದರೆ ತಟ್ಟೆಯಲ್ಲಿದ್ದ ದೋಸೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ನಾನು ವೀರನಂತೆ, "ಇದೇ ಕೆಲಸಕ್ಕಲ್ವಾ ನಂಗೆ ಸಂಬಳ ಕೊಡೋದು? ಒಂದು ವಾರ ನಂಗೆ ಬಿಡಿ," ಎಂದೆ.

ಮರುದಿನ ಅಕ್ಕ ಫೋನಿನಲ್ಲಿ ಹತ್ತು ಡಬ್ಬ ಬೇಕೆಂದಳು. ನಾನು ಅಕ್ಕಿ ನೆನೆಹಾಕುವ ಹೊತ್ತು, ಗ್ರೈಂಡರಿನ ಸರದಿ, ಟೆಂಪೋದ ದಾರಿ ಎಲ್ಲವನ್ನೂ ಲೆಕ್ಕ ಹಾಕಿ, ಮಾರನೆಯ ಬೆಳಿಗ್ಗೆ ನಾನೇ ರುಬ್ಬುವ ಕೋಣೆಯಲ್ಲಿ ನಿಂತು ಹತ್ತು ಡಬ್ಬ ಕಳಿಸಿದೆ. ಸೂರ್ಯ ನೆತ್ತಿಗೇರುವಷ್ಟರಲ್ಲಿ ಅವಳ ಫೋನು.

"ಹತ್ತು ಯಾಕೆ ಕಳಿಸ್ದೆ? ನಾಲ್ಕು ಡಬ್ಬ ಉಕ್ಕಿ ನೆಲಕ್ಕೆ ಬಂದಿದೆ!"

"ನೀನೇ ಹತ್ತು ಅಂದೆಯಲ್ಲಕ್ಕಾ."

"ಅರೆ ಯಾರ್, ಹತ್ತು ಅಂದ್ರೆ ಆರು! ಪಪ್ಪಾ ಕಟ್ ಮಾಡೇ ಮಾಡ್ತಾರೆ, ಅದಕ್ಕೆ ಹತ್ತು ಹೇಳೋದು. ಇಷ್ಟೂ ಗೊತ್ತಿಲ್ವಾ?"

ದೊಡ್ಡಪ್ಪನನ್ನು ಕೇಳಿದೆ. "ಅವಳು ಜಾಸ್ತಿಯೇ ಹೇಳುದು, ಹಾಗಾಗಿ ನಾನು ಕಡಿಯುದು. ಇಷ್ಟೂ ಗೊತ್ತಿಲ್ವಾ ಮಾರಾಯ?"

ತಲೆ ಚಚ್ಚಿಕೊಳ್ಳುವಂತಾಯಿತು. ಅವಳು ಏರಿಸುವುದು ಇವರು ಕಡಿಯುತ್ತಾರೆಂದು, ಇವರು ಕಡಿಯುವುದು ಅವಳು ಏರಿಸುತ್ತಾಳೆಂದು. ಅದೂ ಒಂದು ಅಳತೆಯಲ್ಲಿ ಕಡಿದಿದ್ದರೆ ನಾನು ಸೂತ್ರ ಬರೆಯುತ್ತಿದ್ದೆ. ಕ್ರಿಕೆಟ್ಟಿನಲ್ಲಿ ಭಾರತ ಸೋತ ದಿನ ಕಡಿತ ಹೆಚ್ಚು! ನನ್ನ ಆಫೀಸಿನಲ್ಲೂ ಇದೇ ಗೋಳು. ಮಾರಾಟದವರಿಗೆ ಎಲ್ಲ ಸರಕೂ ಅರ್ಜೆಂಟು, ಕಾರ್ಖಾನೆಯವರಿಗೆ ಎಲ್ಲ ಯಂತ್ರವೂ ಹಳತು. ನಾನೇನು ಸತ್ಯಸಂಧನೇ? ಮಳೆ ಬಂದರೆ ಎರಡು ಆ್ಯಪಿನಲ್ಲಿ ಎರಡು ಕ್ಯಾಬ್ ಕರೆದು, ಮೊದಲು ಬಂದದ್ದನ್ನು ಹತ್ತಿ ಇನ್ನೊಂದನ್ನು ರದ್ದು ಮಾಡುವವನು.

ಇಬ್ಬರನ್ನೂ ಎದುರೆದುರು ಕೂರಿಸಿ ಆಣೆ ಮಾಡಿಸಿದೆ. ಅವಳು ಏರಿಸಬಾರದು, ಇವರು ಕಡಿಯಬಾರದು. ಅಕ್ಕ ಮಾತು ಉಳಿಸಿಕೊಂಡು ಆರು ಎಂದಳು. ದೊಡ್ಡಪ್ಪ ಕ್ಯಾಶ್ ಬಿಟ್ಟು ಏಳುವವರಲ್ಲ, ಹಿಂದಿನ ಕೋಣೆಗೂ ಲ್ಯಾಂಡ್‌ಲೈನಿನಲ್ಲೇ ಆಜ್ಞೆ. ರಿಸೀವರ್ ಎತ್ತಿ, ಕೆಮ್ಮಿ, ರುಬ್ಬುವ ಭಟ್ಟರಿಗೆ "ರಾಜಿಂದರ್ ನಗರಕ್ಕೆ ನಾಲ್ಕು ಸಾಕು" ಎಂದರಂತೆ.

ಮರುದಿನ ಬೆಳಿಗ್ಗೆಯೇ ಹಿಟ್ಟು ಮುಗಿದು, ಬ್ಯಾಗು ಹೊತ್ತ ಹುಡುಗರು ಎದುರಿನ ಪರಾಠಾ ಅಂಗಡಿಗೆ ನಡೆದರು. "ನಿಜ ಹೇಳಿಸಿ ನನ್ನ ಅಂಗಡಿ ಮುಚ್ಚಿಸ್ತೀಯಾ?" ಎಂದಳು ಅಕ್ಕ. ಈ ಸಲ ನಗಲಿಲ್ಲ.

ಅಂದು ಮಧ್ಯಾಹ್ನ ಮೀಟಿಂಗಿನಿಂದ ಎದ್ದು, ಆಫೀಸಿನ ಮೆಟ್ಟಿಲ ಮೇಲೆ ನಿಂತು ರುಬ್ಬುವ ಕೋಣೆಗೆ ಫೋನ್ ಹಚ್ಚಿದೆ. ದೊಡ್ಡಪ್ಪನಂತೆ ಕೆಮ್ಮಿದೆ. "ಭಟ್ರೇ, ಆಗ ಹೇಳಿದ್ದು ಬಿಡಿ. ನಾಳೆ ರಾಜಿಂದರ್ ನಗರಕ್ಕೆ ಆರು."

"ಆಯ್ತು, ಆಯ್ತು," ಎಂದರು ಭಟ್ಟರು.

ದಿನವೂ ದೊಡ್ಡಪ್ಪ ಕಡಿದ ಮೇಲೆ ನಾನು ಕೆಮ್ಮಿ ಅಕ್ಕ ಹೇಳಿದಷ್ಟಕ್ಕೇ ಸರಿಪಡಿಸುತ್ತ ಬಂದೆ. ಅಕ್ಕನಲ್ಲಿ ಹಿಟ್ಟು ಖಾಲಿಯೂ ಆಗಲಿಲ್ಲ, ಹುಳಿಯೂ ಬರಲಿಲ್ಲ. ತಿಂಗಳು ಮುಗಿಯುತ್ತ ಬಂದಿತ್ತು. ಒಂದು ದಿನ ಹೀಗೇ ಕೆಮ್ಮಿ, "ಭಟ್ರೇ, ಏಳು ಮಾಡಿ" ಎಂದೆ. ಆ ಕಡೆಯಿಂದ ಅಸಲಿ ಕೆಮ್ಮು ಕೇಳಿಸಿತು. ಎಂದೂ ಕ್ಯಾಶ್ ಬಿಡದವರು ಅಂದು ತಾವೇ ರುಬ್ಬುವ ಕೋಣೆಗೆ ಬಂದಿದ್ದರು.

"ಕೆಮ್ಮು ಸ್ವಲ್ಪ ಉದ್ದ ಆಯ್ತು," ಎಂದರು ದೊಡ್ಡಪ್ಪ. "ನಾನು ಅಷ್ಟು ಕೆಮ್ಮುದಿಲ್ಲ."

"ತಪ್ಪಾಯ್ತು ದೊಡ್ಡಪ್ಪ," ಎಂದೆ, ನನ್ನ ಅಸಲಿ ದನಿಯಲ್ಲಿ.

"ಅವಳು ಎಷ್ಟು ಹೇಳಿದ್ದು?"

"ಏಳು, ದೊಡ್ಡಪ್ಪ."

"ನಾನು ಐದು ಅಂದಿದ್ದೆ. ಇಷ್ಟು ದಿನ ಹಿಟ್ಟು ತಿರುಗಿ ಬಾರದ್ದು ನಾನು ಕಡಿದದ್ದಕ್ಕೇ ಅಂತ ಭಟ್ರ ಹತ್ರ ಹೇಳಿಕೊಂಡು ತಿರುಗ್ತಾ ಇದ್ದೆನಲ್ಲ ಮಾರಾಯ!" ಮತ್ತೊಮ್ಮೆ ಕೆಮ್ಮಿದರು. "ಅಂಗಡಿ ಇರ್ಲಿ. ಆದ್ರೆ ಅವಳು ಏಳು ಅಂದದ್ದನ್ನು ಏಳು ಅಂತ ಹೇಳ್ಲಿಕ್ಕೆ ನನ್ನ ನಾಲಿಗೆ ಹೊರಳುದಿಲ್ಲ. ನಾಳೆಯಿಂದ ನೀನೇ ಹೇಳು. ನನ್ನ ದನಿಯಲ್ಲೇ ಹೇಳು, ಇಲ್ಲದಿದ್ರೆ ಭಟ್ರು ಲೆಕ್ಕಕ್ಕಿಡುದಿಲ್ಲ."

ಅಕ್ಕನ ಅಂಗಡಿ ಉಳಿಯಿತು. ನನ್ನ ಗಣಿತ ಲ್ಯಾಪ್‌ಟಾಪಿನಲ್ಲಿ ಮಲಗಿದೆ. ವರ್ಷಗಟ್ಟಲೆ ಓದಿದ ನಾನು ದಿನಾ ಮಧ್ಯಾಹ್ನ ಮೆಟ್ಟಿಲ ಮೇಲೆ ನಿಂತು ಕೆಮ್ಮುತ್ತೇನೆ. ಪಾಪ, ಸೆಕ್ಯುರಿಟಿ ಭಯ್ಯಾ ಶುಂಠಿ ಚಹಾ ತರಿಸಲೇ ಎಂದು ಕೇಳುತ್ತಾನೆ.

ನಿನ್ನೆ ಅಕ್ಕ ಒಂಬತ್ತು ಎಂದಳು.

"ನಿಜವಾದ ಒಂಬತ್ತಾ?"

"ಏಳು," ಎಂದಳು. "ನೀನೂ ಕಟ್ ಮಾಡೋಕೆ ಶುರು ಮಾಡಿದ್ರೆ ಅಂತ, ಯಾರ್."

ನಾನು ಭಟ್ಟರಿಗೆ ಆರು ಎಂದೆ.