ತಾನೇ ಕಟ್ಟಿದ್ದನ್ನು ಸೀಳುವ ಪಟ್ಟಿಯಣ್ಣ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂಳೆ ವಾರ್ಡಿನಲ್ಲಿ ಪಟ್ಟಿಯಣ್ಣ ಮಂಚದಿಂದ ಮಂಚಕ್ಕೆ ಸದ್ದಿಲ್ಲದೆ ಸಾಗುತ್ತಿದ್ದಾರೆ. ನಿನ್ನೆ ತಾವು ಪ್ಲಾಸ್ಟರ್ ಹಾಕಿದವರ ಬೆರಳು ಮುಟ್ಟಿ, ಉಗುರು ಒತ್ತಿ ಬಿಡುತ್ತಾರೆ. ಬಿಳಿಚಿದ ಉಗುರಿಗೆ ಕೆಂಪು ಮರಳಿದರೆ ಮುಂದಿನ ಮಂಚ. ಕಾಲು ಮುರಿದುಕೊಂಡ ಲಾರಿ ಚಾಲಕ ನಿದ್ದೆಗಣ್ಣಲ್ಲೇ ರೇಗುತ್ತಾನೆ: "ಬೆಳಬೆಳಗ್ಗೇನೇ ಕಾಲು ಹಿಡೀತೀರಲ್ಲ, ನನ್ನಿಂದ ಏನಾಗ್ಬೇಕಿತ್ತು?"

"ಬೆರಳು ಆಡ್ಸಪ್ಪ, ಅಷ್ಟು ಸಾಕು."

ಈ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಅವರ ಅರ್ಧ ಆಯಸ್ಸು ಕಳೆದಿದೆ. ದಿನಕ್ಕೆ ಹತ್ತು ಹನ್ನೆರಡು ಕೈಕಾಲು. ನೀರಲ್ಲಿ ನೆನೆದು ನೆನೆದು ಅಂಗೈ ಬಿರುಕು ಬಿಟ್ಟಿದೆ, ಹುಬ್ಬಿನ ಮೇಲೂ ಬಿಳಿ ಪುಡಿ. ಗುಣವಾದವರು ಡಾಕ್ಟರಿಗೆ ಕೈಮುಗಿದು ಹೋಗುತ್ತಾರೆ, ಪಟ್ಟಿ ಕಟ್ಟಿದವರ ಮುಖ ಯಾರಿಗೂ ನೆನಪಿರುವುದಿಲ್ಲ. ಅದಕ್ಕೆ ಇವರಿಗೆ ಬೇಸರವೂ ಇಲ್ಲ. ಇವರ ತಲೆಬಿಸಿಯೇ ಬೇರೆ: ಊತ.

ಮೂಳೆ ಡಾಕ್ಟರು ಒಮ್ಮೆ ಬಿಡಿಸಿ ಹೇಳಿದ್ದು ಇವರ ಮನಸ್ಸಿನಲ್ಲಿ ಅಚ್ಚೊತ್ತಿದೆ. ಪೆಟ್ಟು ತಿಂದ ಜಾಗ ಊದುತ್ತದೆ, ಹೊರಗಿನ ಪ್ಲಾಸ್ಟರ್ ಜಗ್ಗುವುದಿಲ್ಲ, ನಡುವೆ ಸಿಕ್ಕ ರಕ್ತನಾಳ ಅದುಮಿ ಹೋಗುತ್ತದೆ. ರಕ್ತ ಸಿಗದ ಜೀವಕೋಶಕ್ಕೆ ಒಳನುಗ್ಗುವ ಉಪ್ಪನ್ನೂ ನೀರನ್ನೂ ಹೊರದಬ್ಬುವ ಶಕ್ತಿ ಉಳಿಯುವುದಿಲ್ಲ. ಅದು ಉಬ್ಬುತ್ತಾ ಉಬ್ಬುತ್ತಾ ಒಡೆದು ಸಾಯುತ್ತದೆ.

"ಮನೆಗೆ ನೀರು ನುಗ್ತಿದೆ, ಎತ್ತಿ ಹೊರಗೆ ಚೆಲ್ಲೋರಿಗೆ ಹೊಟ್ಟೆಗಿಲ್ಲ. ಪಾಪ, ಎಷ್ಟೂಂತ ಚೆಲ್ತಾರೆ? ಕೈಚೆಲ್ಲಿ ಕೂತುಬಿಡ್ತಾರೆ," ಎನ್ನುತ್ತಾರೆ ಪಟ್ಟಿಯಣ್ಣ.

ಹಾಗಾಗಿ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಹೊರಟವರಿಗೆಲ್ಲ ಇವರದು ಒಂದೇ ಮಾತು: "ನೋವು ಜಾಸ್ತಿಯಾದ್ರೆ ಸಹಿಸ್ಕೋಬೇಡಿ, ಓಡಿ ಬನ್ನಿ." ಆ ಮಾತನ್ನು ಹೇಳದೆ ಬಿಟ್ಟದ್ದು ಒಬ್ಬರಿಗೆ ಮಾತ್ರ, ಹೆಂಡತಿಗೆ. "ಮನೆಯವಳಿಗೆ ಹೇಳೋದೇನಿದೆ ಅಂದ್ಕೊಂಡೆ."

ಈಚೆಗೆ ಆಕೆ ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡರು. ಪಟ್ಟಿಯಣ್ಣ ತಮ್ಮ ಕಸುಬನ್ನೆಲ್ಲ ಧಾರೆಯೆರೆದು ನುಣ್ಣಗೆ ಪ್ಲಾಸ್ಟರ್ ಹಾಕಿದರು. ನೋಡಲು ಬಂದ ಪಕ್ಕದ ಮನೆಯವರು ಬಾಯ್ತುಂಬ ಹೊಗಳಿದರು. ಆಮೇಲೆ ಬೆರಳು ಊದಿ ಜೀವ ಹಿಂಡಿದರೂ ಆಕೆ ತುಟಿ ಪಿಟಕ್ಕೆನ್ನಲಿಲ್ಲ. ಬೆಳಗ್ಗೆ ಕೇಳಿದರೆ, ಕೈಯನ್ನು ಹೊದಿಕೆಯೊಳಗೆ ಮುಚ್ಚಿ, "ಹಾಯಾಗಿದೆ ರೀ" ಎಂದರು. ಇವರು ಅದನ್ನೇ ನಂಬಿ ಊರವರ ಬೆರಳು ನೋಡಲು ಹೋದರು.

ಮಧ್ಯಾಹ್ನ ಊಟಕ್ಕೆ ಬಂದಾಗ ಆಕೆಯ ಕೈಯಲ್ಲಿ ಲೋಟ ನಿಲ್ಲಲಿಲ್ಲ. ಮುಟ್ಟಿದರೆ ಬೆರಳು ತಣ್ಣಗಿತ್ತು. ತಟ್ಟೆ ಬಿಟ್ಟೆದ್ದು, ಹಿಂದಿನ ಬೀದಿಯಲ್ಲೇ ಇದ್ದ ತಮ್ಮ ಆಸ್ಪತ್ರೆಗೆ ಆಕೆಯನ್ನು ಕರೆದುಕೊಂಡು ಓಡಿದರು. ಡಾಕ್ಟರು ಪಕ್ಕದಲ್ಲಿ ನಿಂತರು. ಪಟ್ಟಿಯಣ್ಣ ತಮ್ಮ ಪ್ಲಾಸ್ಟರನ್ನು ಉದ್ದಕ್ಕೂ ಸೀಳಿ, ಒಳಗಿನ ಹತ್ತಿಯನ್ನೂ ಚರ್ಮದವರೆಗೆ ಕತ್ತರಿಸಿದರು.

"ಯಾಕೆ ಬಾಯಿ ಬಿಡ್ಲಿಲ್ಲ ನೀನು?"

"ಅಷ್ಟು ಚೆನ್ನಾಗಿ ಕಟ್ಟಿದ್ರಿ. ನಿಮಗೆ ಬೇಜಾರಾಗುತ್ತೆ ಅಂತ…"

ಪಟ್ಟಿಯಣ್ಣ ಎಲ್ಲರೆದುರೇ ಅತ್ತುಬಿಟ್ಟರು.

ಕೈ ಉಳಿಯಿತು. ಕಿರುಬೆರಳು ಮಾತ್ರ ಇನ್ನೂ ಜೋಮುಗಟ್ಟುತ್ತದೆ. "ನನ್ನ ಕೆಲಸ ಯಾರೂ ಹೊಗಳೋದು ಬೇಡ. ನೋವಾದ್ರೆ ಬೈಕೊಂಡಾದ್ರೂ ಬರ್ಲಿ," ಇಷ್ಟೇ ಅವರ ಆಸೆ.

ಸಂಜೆ ಮನೆಯಲ್ಲಿ, ಒಂದು ಕೈ ಇನ್ನೂ ಪಟ್ಟಿಯಲ್ಲಿರುವ ಹೆಂಡತಿಗೆ ಜಡೆ ಹಾಕುವುದೂ ಈಗ ಅವರದೇ ಕೆಲಸ. ನಾಲಿಗೆ ಕಚ್ಚಿಕೊಂಡು ನೀಟಾಗಿ ಹೆಣೆದು ತುದಿಗೆ ಬಂದಿದ್ದಾರೆ.

"ತುಂಬ ಬಿಗಿಯಾಯ್ತು ರೀ. ನೋಯ್ತಿದೆ, ಬಿಚ್ಚಿ."

"ಹಾಗೆ ಹೇಳು ಮತ್ತೆ!" ಎಂದು ಪಟ್ಟಿಯಣ್ಣ ಖುಷಿಯಿಂದ ಪೂರ್ತಿ ಜಡೆ ಬಿಚ್ಚಿ, ಮೊದಲಿನಿಂದ ಹೆಣೆಯತೊಡಗುತ್ತಾರೆ.