ಅಮ್ಮನ ಅಳತೆ

ನಮ್ಮಮ್ಮನಿಗೆ ಮನುಷ್ಯರ ಮುಖಕ್ಕಿಂತ ಮೊದಲು ಬಟ್ಟೆ ಕಾಣುತ್ತದೆ. ನಾಟಕ ತಂಡದ ಟೈಲರ್ ಆಕೆ. ಯಾರ ಗುರುತು ಹೇಳುವುದಿದ್ದರೂ "ಅವರೇ, ಕಾಲರ್ ಹರಿದಿತ್ತಲ್ಲ" ಎಂದೇ ಶುರು. ದೊಡ್ಡಮ್ಮನಿಗೆ ಕಣ್ಣು ಕಾಣುವುದಿಲ್ಲ, ಆದರೆ ಸಿನಿಮಾ ಹುಚ್ಚು ಮಾತ್ರ ವಿಪರೀತ. ಹಾಗಾಗಿ ಥಿಯೇಟರಿನಲ್ಲಿ ಅಮ್ಮ ಪಿಸುಗುಟ್ಟಬೇಕು, ದೊಡ್ಡಮ್ಮ ಕೇಳಬೇಕು, ಹಿಂದಿನ ಸಾಲಿನವರಿಂದ ನಾನು ಬೈಸಿಕೊಳ್ಳಬೇಕು.

ಆ ಮಧ್ಯಾಹ್ನ ಮೂವರೂ ಸಿನಿಮಾಕ್ಕೆ ಹೋದಾಗ ಅಮ್ಮನ ತಲೆ ಚಿಟ್ಟು ಹಿಡಿದಿತ್ತು. ತಂಡದ ನಾಯಕಿ ಕೈಕೊಟ್ಟು ಹೋಗಿದ್ದಳು. ರಾಣಿಯ ಪಾತ್ರ ನೀವೇ ಮಾಡಿ ಎಂದು ನಾಟಕದ ಮೇಷ್ಟ್ರು ದುಂಬಾಲು ಬಿದ್ದಿದ್ದರು. ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. ಹಿಂದೆ ಅದೇ ತಂಡದಲ್ಲಿ ಬಣ್ಣ ಹಚ್ಚಿದವಳು ಅಮ್ಮ. ತನ್ನ ಅಕ್ಕ, ಅಂದರೆ ದೊಡ್ಡಮ್ಮನ ಕಣ್ಣು ಹೋದಾಗ ಅದನ್ನು ಬಿಟ್ಟು ಹೊಲಿಗೆ ಮೆಷಿನ್ನಿನ ಮುಂದೆ ಕೂತಳು. "ಈ ವಯಸ್ಸಲ್ಲಿ ಮಾಡಿದ್ರೆ ಜನ ನಗ್ತಾರೆ" ಎಂಬುದು ಈಗಿನ ನೆಪ. ಕೇಳಿ ಕೇಳಿ ನನಗೆ ಮೈ ಉರಿಯುತ್ತಿತ್ತು.

ಸಿನಿಮಾಕ್ಕೆ ತಲೆಬುಡವಿರಲಿಲ್ಲ. ಒಬ್ಬ ದೊಡ್ಡ ನಟಿ ಯಾವ ಬಾಗಿಲು ತೆರೆದರೂ ಅದೇ ಮೇಕಪ್ ಕೋಣೆ; ಒಳಗೆ ಇಸ್ತ್ರಿಯವಳೊಬ್ಬಳು ಅವಳ ಗೌನಿನ ಸುಕ್ಕು ತೆಗೆಯುತ್ತಿರುತ್ತಾಳೆ. ಅರ್ಧ ಆಗುವಷ್ಟರಲ್ಲಿ ಎಲ್ಲರೂ ಇಸ್ತ್ರಿಯವಳನ್ನೇ ನಟಿಯ ಹೆಸರು ಹಿಡಿದು ಕರೆಯತೊಡಗಿದರು. ಅಮ್ಮ "ಈಗ ರೇಷ್ಮೆ ಗೌನು ಬಂದಳು, ಈಗ ಮಾಸಿದ ಏಪ್ರನ್ ಬಂದಳು" ಎಂದು ಒಪ್ಪಿಸುತ್ತಲೇ ಇದ್ದಳು.

"ಇಬ್ಬರಲ್ಲ ಕಣೇ, ಒಬ್ಬಳೇ. ದನಿ ಕೇಳಿಸ್ಕೋ," ಎಂದರು ದೊಡ್ಡಮ್ಮ.

ಹೌದಲ್ಲ! ಬಟ್ಟೆ ಬದಲಾದ ಮಾತ್ರಕ್ಕೆ ನಾವಿಬ್ಬರೂ ಮೋಸಹೋಗಿದ್ದೆವು.

"ಕೊನೆಗೆ ಏನ್ ಮಾಡಿದಳು?" ಸಿನಿಮಾ ಮುಗಿಯುತ್ತಿದ್ದಂತೆ ದೊಡ್ಡಮ್ಮ ಕೇಳಿದರು.

"ಗೌನು ಹಾಕ್ಕೊಂಡು ಸ್ಟೇಜಿಗೆ ಹೋದಳು, ಅಕ್ಕ."

ನಾನು ಬೆಪ್ಪಾದೆ. ಪರದೆಯ ಮೇಲೆ ಅವಳು ಗೌನನ್ನು ಗೂಟಕ್ಕೆ ನೇತುಹಾಕಿ, ಕೋಣೆಗೆ ಬೀಗ ಜಡಿದು ಹೋಗಿದ್ದಳು.

ಬಸ್ ಸ್ಟಾಪಿನಲ್ಲಿ ದೊಡ್ಡಮ್ಮ ವಿಚಾರಣೆ ಶುರುಮಾಡಿದರು. "ಆ ನಟಿ ಅನ್ನೋಳು ಇಸ್ತ್ರಿಯವಳ ಕನಸು. ಅಷ್ಟು ನನಗೂ ಅರ್ಥವಾಯ್ತು. ಆದ್ರೆ ಬೀಗದ ಸದ್ದು ಕೇಳಿಸ್ತಲ್ಲ, ನನ್ನ ಹತ್ರ ಯಾಕೆ ಸುಳ್ಳು ಹೇಳಿದೆ?"

"ಹೇಳೋಕೆ ಬಾಯಿ ಬರಲಿಲ್ಲ," ಎಂದಳು ಅಮ್ಮ. ಕಣ್ಣು ತುಂಬಿತ್ತು. "ಅವಳು ಹೋಗಬೇಕಿತ್ತು ಅಕ್ಕ. ಸ್ಟೇಜಿಗೆ ಹೋಗಬೇಕಿತ್ತು."

"ಹಾಗಾದ್ರೆ ನೀನು ಹೋಗು. ನನ್ನ ನೋಡ್ಕೊಳ್ಳೋಕೆ ಅಂತ ನಾಟಕಕ್ಕೆ ಹಾಕಿದ ಬೀಗ ಸಾಕು."

ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ಅಲ್ಲಿಂದಲೇ ಮೇಷ್ಟ್ರಿಗೆ ಫೋನ್ ಮಾಡಿದಳು. "ರಾಣಿ ಪಾತ್ರ ನಾನೇ ಮಾಡ್ತೀನಿ. ನಗೋರು ನಗಲಿ."

ಮನೆಗೆ ಬಂದವಳೇ ಹಳೆಯ ನಾಯಕಿಗೆಂದು ತಾನೇ ಹೊಲಿದಿದ್ದ ರಾಣಿಯ ಉಡುಪು ಎಳೆದು, ಎರಡೂ ಪಕ್ಕದ ಹೊಲಿಗೆ ಪರಪರನೆ ಬಿಚ್ಚಿದಳು. ಆಮೇಲೆ ಟೇಪು ನನ್ನ ಕೈಗೆ ಕೊಟ್ಟು ನೆಟ್ಟಗೆ ನಿಂತಳು. ಊರಿಗೆಲ್ಲ ಅಳತೆ ತೆಗೆದವಳ ಅಳತೆಯನ್ನು ಆಕೆ ಬಣ್ಣ ಬಿಟ್ಟಮೇಲೆ ಯಾರೂ ತೆಗೆದಿರಲಿಲ್ಲ. ನಾನು ಟೇಪನ್ನು ಎದೆಯ ಸುತ್ತ ಬಿಗಿಯಾಗಿ ಎಳೆದೆ.

ದೊಡ್ಡಮ್ಮ ತಡವುತ್ತ ಬಂದು ನನ್ನ ಕೈ ಸಡಿಲಿಸಿದರು. ತಂಗಿಯ ಪಕ್ಕೆಯ ಮೇಲೆ ಅಂಗೈ ಇಟ್ಟು, "ಕೊನೇ ಸಾಲಿನವರಿಗೂ ನಿನ್ನ ದನಿ ಕೇಳಬೇಕು. ದೊಡ್ಡದಾಗಿ ಉಸಿರು ತಗೋ," ಎಂದರು.

ಅಮ್ಮ ಎದೆ ತುಂಬ ಉಸಿರೆಳೆದುಕೊಂಡಳು.

"ಹಾಂ, ಈಗ ತಗೋ ಪುಟ್ಟಿ, ನಿಮ್ಮಮ್ಮನ ಅಳತೆ."