ಸಮಾಂತರವೆಂದು ಕೊಟ್ಟಿಲ್ಲ

ಎಂಟನೇ ತರಗತಿಗೆ ಗಣಿತ ಕಲಿಸುತ್ತಲೇ ತಲೆ ನರೆಸಿಕೊಂಡ ಮೇಷ್ಟ್ರಿಗೆ ನಿವೃತ್ತಿಯ ನಂತರವೂ ಒಂದು ಉತ್ತರಪತ್ರಿಕೆ ಬೆನ್ನು ಬಿಟ್ಟಿರಲಿಲ್ಲ. ಅದರ ಒಂದು ಉತ್ತರಕ್ಕೆ ಅವರು ಮೂವತ್ತು ವರ್ಷಗಳ ಹಿಂದೆ ಸೊನ್ನೆ ಸುತ್ತಿದ್ದರು.

ಪ್ರಶ್ನೆ ಸುಲಭದ್ದು. ಎರಡು ಗೆರೆಗಳು, ಅವನ್ನು ಓರೆಯಾಗಿ ಕತ್ತರಿಸುವ ಮೂರನೆಯದೊಂದು; ಮೇಲಿನ ಕೋನ ಎಪ್ಪತ್ತು ಡಿಗ್ರಿ, ಅದಕ್ಕೆ ಅನುರೂಪವಾದ ಕೆಳಗಿನ ಕೋನವೆಷ್ಟು? ನಲವತ್ತೊಂದು ಮಕ್ಕಳು ಎಪ್ಪತ್ತು ಎಂದು ಬರೆದರು. ಕಿಟಕಿ ಪಕ್ಕದ ಬೆಂಚಿನ ಹುಡುಗಿಯೊಬ್ಬಳು ಮಾತ್ರ, ‘ಗೆರೆಗಳು ಸಮಾಂತರವೆಂದು ಕೊಟ್ಟಿಲ್ಲ, ಆದ್ದರಿಂದ ಹೇಳಲು ಬರುವುದಿಲ್ಲ’ ಎಂದು ಬರೆದಿದ್ದಳು.

ಪತ್ರಿಕೆ ಹಂಚಿದ ದಿನ ಅವಳು ಎದ್ದು ನಿಂತು ಸೊನ್ನೆಗೆ ಕಾರಣ ಕೇಳಿದಳು. ಮೇಷ್ಟ್ರು ಅಂದು ಹುಮ್ಮಸ್ಸಿನಲ್ಲಿದ್ದರು.

“ಸಮಾಂತರ ಅಂತ ಊರಿಗೆಲ್ಲ ಕಾಣುತ್ತೆ, ನಿನಗೊಬ್ಬಳಿಗೇ ಕಾಣಲ್ವೇನಮ್ಮ? ಕನ್ನಡಕ ಹಾಕಿಸ್ಕೋ.”

ತರಗತಿ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಅವಳ ಹೆಸರೇ ಕನ್ನಡಕ.

ಅದೇ ಸಂಜೆ ಶಿಕ್ಷಕರ ಕೋಣೆಯಲ್ಲಿ ಮೇಷ್ಟ್ರು ತಮ್ಮ ಕೈಬರಹದ ಪ್ರಶ್ನೆಪತ್ರಿಕೆಯನ್ನು ತೆಗೆದು ನೋಡಿದರು. ‘ಸಮಾಂತರ’ ಎಂಬ ಪದ ಬಿಟ್ಟುಹೋಗಿತ್ತು. ಅರ್ಧ ಡಿಗ್ರಿ ಓರೆಯಾದ ಗೆರೆಯೂ ಗೇಣುದ್ದದ ಕಾಗದದ ಮೇಲೆ ಸಮಾಂತರವಾಗಿಯೇ ಕಾಣುತ್ತದೆ. ಕಣ್ಣನ್ನು ನಂಬಬೇಡಿ, ಕೊಟ್ಟದ್ದರಿಂದ ಮಾತ್ರ ಹೊರಡಿ ಎಂದು ಗಂಟಲು ಹರಿದುಕೊಂಡು ಪಾಠ ಹೇಳಿದವರು ಅವರೇ. ಆ ಪಾಠ ತಲೆಗೆ ಹತ್ತಿದ್ದು ನಲವತ್ತೆರಡು ಮಂದಿಯಲ್ಲಿ ಒಬ್ಬಳಿಗೆ. ಈಗ ಒಪ್ಪಿಕೊಂಡರೆ ಉಳಿದ ಅಷ್ಟೂ ಉತ್ತರಗಳು ತಪ್ಪಾಗುತ್ತವೆ, ವಿಷಯ ಹೆಡ್‌ಮಾಸ್ಟರರ ಕಿವಿಗೂ ಬೀಳುತ್ತದೆ. ನಾಳೆ ಹೇಳಿದರಾಯಿತು ಎಂದುಕೊಂಡರು. ಆ ನಾಳೆ ಬರಲೇ ಇಲ್ಲ. ಹುಡುಗಿ ಮತ್ತೆ ಕೈ ಎತ್ತಲಿಲ್ಲ. ಹತ್ತನೇ ತರಗತಿಗೆ ಓದು ನಿಲ್ಲಿಸಿ ಹೊಲಿಗೆ ಕಲಿಯಲು ಹೋದಳೆಂದು ಯಾರೋ ಹೇಳಿದರು.

ಒಂದು ಸೊನ್ನೆಯಿಂದ ಒಂದು ಬದುಕಿನ ದಿಕ್ಕು ಬದಲಾಯಿತೆನ್ನಲು ಪುರಾವೆಯೇನೂ ಇಲ್ಲ. ಅವಳ ಮನೆಯಲ್ಲಿ ಬೇರೆ ಕಾರಣಗಳೂ ಇದ್ದಿರಬಹುದು. ಈ ತರ್ಕವನ್ನು ಮೇಷ್ಟ್ರು ಹೆಂಡತಿಯ ಮುಂದೆ ಎಷ್ಟು ಸಲ ಒಪ್ಪಿಸಿದ್ದರೆಂದರೆ, ಕೊನೆಗೆ ಆಕೆಗೇ ರೇಗಿತು.

“ನಿಮ್ಮ ಈ ಕಥೆ ಕೇಳಿ ಕೇಳಿ ನನಗೂ ರೇಖಾಗಣಿತ ಬಂತು. ಅವಳ ಅಂಗಡಿ ಬಸ್ ನಿಲ್ದಾಣದ ಹಿಂದೇನೇ ಇದೆ. ಪ್ಯಾಂಟು ಉದ್ದ ಆಯ್ತು ಅಂತ ಗೊಣಗ್ತೀರಲ್ಲ, ತಗೊಂಡು ಹೋಗಿ. ಅವಳಿಗೊಂದು ಸಲ ಹೇಳಿ, ನನ್ನ ಕಿವಿ ಬಿಡಿ.”

ಅಂಗಡಿಯಲ್ಲಿ ಎರಡು ಹೊಲಿಗೆ ಯಂತ್ರಗಳು, ಅಗಲವಾದ ಒಂದು ಮೇಜು. ಅವಳು ಕೋಟಿನ ಬಟ್ಟೆಯ ಮೇಲೆ ಸ್ಕೇಲಿಟ್ಟು ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು. ನೋಡಿದೊಡನೆ ಗುರುತು ಹಿಡಿದು ಸ್ಟೂಲು ಸರಿಸಿದಳು. ಮೇಷ್ಟ್ರು ಕೂರಲಿಲ್ಲ.

“ಆವತ್ತು ನಿನ್ನ ಉತ್ತರವೇ ಸರಿ ಇತ್ತಮ್ಮ. ತಪ್ಪು ನನ್ನದು.”

“ಗೊತ್ತು ಸಾರ್.”

“ಆಗಲೇ ಗೊತ್ತಿತ್ತಾ?”

“ಮಾರನೇ ದಿನ ಗಟ್ಟಿಯಾಯ್ತು. ಬೋರ್ಡ್ ಮೇಲೆ ಚಿತ್ರ ಬರೆಯೋಕೆ ಮುಂಚೆ ‘ದತ್ತ: ಗೆರೆಗಳು ಸಮಾಂತರ’ ಅಂತ ದೊಡ್ಡದಾಗಿ ಬರೆದ್ರಿ. ಅದಕ್ಕೆ ಮುಂಚೆ ಯಾವತ್ತೂ ಹಾಗೆ ಬರೆದವರಲ್ಲ. ಓಹೋ, ಸಾರ್‌ಗೂ ಗೊತ್ತಾಗಿದೆ ಅಂದ್ಕೊಂಡೆ. ಈಗ ನನ್ನ ಕಡೆ ನೋಡ್ತಾರೆ, ಈಗ ನೋಡ್ತಾರೆ ಅಂತ ಪೀರಿಯಡ್ ಮುಗಿಯೋವರೆಗೂ ಕಾದೆ.”

ಆ ದಿನ ತಾವು ಬೋರ್ಡಿನ ಕಡೆಯಿಂದ ಮುಖ ತಿರುಗಿಸದೆ ಪಾಠ ಮುಗಿಸಿದ್ದು ಮೇಷ್ಟ್ರಿಗೆ ನೆನಪಾಯಿತು. ಹುಡುಗಿ ತನ್ನ ಉತ್ತರದ ಮೇಲೆ ನಂಬಿಕೆ ಕಳೆದುಕೊಂಡಳೆಂದು ಇಷ್ಟು ವರ್ಷ ಮರುಗಿದ್ದರು. ಅವಳು ನಂಬಿಕೆ ಕಳೆದುಕೊಂಡದ್ದು ತಮ್ಮ ಮೇಲೆ.

“ಆಮೇಲಾದ್ರೂ ಬಂದು ಕೇಳಬಹುದಿತ್ತಲ್ಲಮ್ಮ.”

“ಗೊತ್ತಿಲ್ಲದವರನ್ನಾದ್ರೆ ಕೇಳಬಹುದು ಸಾರ್. ಗೊತ್ತಿದ್ದೂ ಸುಮ್ಮನಿದ್ದವರನ್ನ ಏನಂತ ಕೇಳೋದು?”

ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಪ್ಯಾಂಟನ್ನು ಮೇಜಿನ ಮೇಲೆ ಹರಡಿ, ಕಾಲಿನ ತುದಿಯನ್ನು ಮಡಿಸಿ ತೋರಿಸಿದಳು.

“ಎರಡಿಂಚು ಸಾಕಾ?”

“ಸಾಕು.”

“ಶುಕ್ರವಾರ ಬನ್ನಿ ಸಾರ್.”

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಹೆಂಡತಿ ಬಾಗಿಲಿಗೆ ಬಂದಳು.

“ಹೇಳಿದ್ರಾ?”

“ಹೇಳಿದೆ.”

“ಏನಂದಳು?”

“ಶುಕ್ರವಾರ ಕೊಡ್ತಾಳಂತೆ,” ಎಂದರು ಮೇಷ್ಟ್ರು. ಆಮೇಲೆ, ಮುಖ ಎತ್ತದೆ ಚಪ್ಪಲಿ ಜೋಡಿಸಿಡುತ್ತಾ, “ಅವತ್ತು ನೀನೇ ಹೋಗಿ ತಂದುಬಿಡು” ಎಂದರು.